ಊರಿನವರ ಜೊತೆ ಸೇರಿ ಸಂಶೋಧನೆ ಮಾಡುವುದು ಹೇಗೆ?

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಅಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಬತ್ತಿದ ಬೋರ್‌ವೆಲ್‌ನಲ್ಲಿ ನೀರು ಬಂತು ಅನ್ನುವವರಿದ್ದಾರೆ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅನ್ನುವವರೂ ಇದ್ದಾರೆ. ಇಂಥ ಕಡೆ ಅಧ್ಯಯನಕ್ಕೆ ಹೊರಟ ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು: ಏನನ್ನು ಹುಡುಕಬೇಕು ಅಂತ ಆ ನೀರು ಬಳಸುವವರೇ ಹೇಳಲಿ, ಸಿಕ್ಕ ಉತ್ತರವನ್ನೂ ಮೊದಲು ಅವರಿಗೇ ಕೊಡಿ.

ಮೊದಲ ದಿನವೇ ಪ್ರಶ್ನಾವಳಿ ಹಿಡಿದು ಹೋಗಬೇಡಿ. ಬೆಳಗ್ಗೆ ಹಾಲಿನ ಡೈರಿ ಹತ್ತಿರ ನಿಲ್ಲಿ, ಹಾಲು ಹಾಕೋಕೆ ಗಂಡಸರೂ ಹೆಂಗಸರೂ ಬರುತ್ತಾರೆ. ಕೋಲಾರದ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಹಾಗಾಗಿ ತೆಲುಗು ಬಲ್ಲವರೊಬ್ಬರು ಜೊತೆಗಿರಲಿ. ನಿಮ್ಮ ತಲೆಯಲ್ಲಿ ಸೀಸ, ಕ್ಯಾಡ್ಮಿಯಂ ಥರದ ವಿಷಲೋಹಗಳು ಓಡುತ್ತಿರಬಹುದು, ಆದರೆ ಅವರು ಈ ನೀರಲ್ಲಿ ಬೇಳೆ ಯಾಕೆ ಬೇಯಲ್ಲ, ಹಸು ಯಾಕೆ ಮುಖ ತಿರುಗಿಸುತ್ತೆ ಅಂತ ಕೇಳಬಹುದು. ಅದನ್ನೂ ಬರೆದುಕೊಳ್ಳಿ. ನೀರಿನ ಗಡಸುತನ ಅಳೆಯೋಕೆ ಒಳ್ಳೆಯ ಕಾರಣ ಅದು, ಅಲ್ವಾ? ಐದಾರು ಸಲ ಹೋದ ಮೇಲೆ ಈ ಪ್ರಶ್ನೆಗಳಲ್ಲಿ ಯಾವುದು ಮುಖ್ಯ ಅಂತ ಅವರೇ ಕೂತು ಆರಿಸಲಿ. ಗೈಡ್ ಹತ್ತಿರ ಇದಕ್ಕೆ ಮೊದಲೇ ಎರಡು ತಿಂಗಳು ಕೇಳಿಟ್ಟುಕೊಳ್ಳಿ.

ಆಮೇಲೆ ಕೆರೆ ಏರಿ ಮೇಲೆ ನಡೆಯಿರಿ. ಊರಲ್ಲಿ ಕೆರೆ ನೀರು ಹಂಚುತ್ತಿದ್ದ ಹಳೆಯ ನೀರುಗಂಟಿ ಇನ್ನೂ ಇದ್ದರೆ ಅವರ ಜೊತೆಗೇ ಹೋಗಿ. ತೂಬು ಎಲ್ಲಿ, ಕೋಡಿ ಯಾವ ವರ್ಷ ಬಿತ್ತು, ಯಾವ ಕಾಲುವೆ ಒತ್ತುವರಿ ಆಯ್ತು, ಇದೆಲ್ಲ ಅವರಿಗೆ ಬಾಯಲ್ಲೇ ಇರುತ್ತೆ. ಸಂಜೆ ಶಾಲೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸಲು ಹೇಳಿ. ಪೆನ್ನು ಹಿಡಿದವರು ಮಾತ್ರ ಮಾತಾಡುವ ಸಭೆಗಿಂತ ಇದು ಎಷ್ಟೋ ಮೇಲು. ತಪ್ಪು ಗೆರೆ ಎಳೆದರೆ ಯಾರು ಬೇಕಾದರೂ ಕೈಯಲ್ಲಿ ಒರೆಸಿ ಸರಿಮಾಡಬಹುದು. ಯಾವ ಬಾವಿ, ಯಾವ ಬೋರ್‌ವೆಲ್ ಪರೀಕ್ಷೆ ಮಾಡಬೇಕು ಅನ್ನೋದು ಈ ನಕ್ಷೆ ಮೇಲೆಯೇ ತೀರ್ಮಾನವಾಗಲಿ. ಕಾಲೋನಿಯ ಬೋರ್‌ವೆಲ್ ಬಿಟ್ಟುಹೋಗಿಲ್ಲ ತಾನೇ ಅಂತ ಎರಡು ಸಲ ನೋಡಿ, ಬಿಟ್ಟುಹೋಗುವುದು ಸಾಮಾನ್ಯವಾಗಿ ಅದೇ.

ಅಳೆಯುವ ಕೆಲಸ ಊರಿನವರೇ ಮಾಡಲಿ. ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲಿ 5 ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕು ಅಂತಿದೆ. ಅವರು ಯಾರು ಅಂತ ಪಂಚಾಯಿತಿಯಲ್ಲಿ ವಿಚಾರಿಸಿ, ಅವರಿಂದಲೇ ಶುರುಮಾಡಿ. ಮೋಟಾರ್ ಹಾಕಿ ಐದು ನಿಮಿಷ ನೀರು ಬಿಟ್ಟು, ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿಸಬೇಕು. ಬಾಟಲಿ ಮೇಲೆ ತಾರೀಖು, ಬೋರ್‌ವೆಲ್ ಆಳ, ತುಂಬಿಸಿದವರ ಹೆಸರು ಬರೆಯಬೇಕು. ಮಳೆಗೆ ಮುಂಚೆ ಒಂದು ಸಲ, ಮಳೆ ಆದ ಮೇಲೆ ಇನ್ನೊಂದು ಸಲ. ದಿನದ ಕೂಲಿ ಬಿಟ್ಟು ಬರುವವರಿಗೆ ಸುಮ್ನೆ ಟೀ ಕೊಟ್ಟು ಕಳಿಸಬೇಡಿ, ಕೂಲಿ ಹಣವನ್ನು ಯೋಜನೆಯ ಬಜೆಟ್‌ನಲ್ಲೇ ಹಾಕಿ.

ಅಂಕಿಗಳು ಬಂದಾಗ ಅದರ ಅರ್ಥ ಹೇಳಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಲ್ಲಿ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಕಿಟ್‌ನಲ್ಲಿ ಜಾಸ್ತಿ ಬಂದರೆ ತಕ್ಷಣ ವಾಟ್ಸಾಪ್‌ಗೆ ಹಾಕಬೇಡಿ, ಲ್ಯಾಬ್‌ನಲ್ಲಿ ಖಚಿತಪಡಿಸಿಕೊಳ್ಳಿ. ಆದರೆ ಆ ಬೋರ್‌ವೆಲ್ ನೀರು ಕುಡಿಯುವ ಮನೆಗಳಿಗೆ ಅವತ್ತೇ ಹೋಗಿ ತಿಳಿಸಿ. ಜರ್ನಲ್‌ನಲ್ಲಿ ಬರುವವರೆಗೆ ಫಲಿತಾಂಶ ಮುಚ್ಚಿಡುವುದು ನನ್ನ ಪ್ರಕಾರ ದೊಡ್ಡ ತಪ್ಪು.

ಪ್ರಬಂಧ ಕೊಡುವ ಮೊದಲು ಗ್ರಾಮಸಭೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಓದಿ. ತಪ್ಪಿದೆ ಅಂದರೆ ತಿದ್ದಿ, ಒಪ್ಪದೆ ಹೋದರೆ ಅವರ ಮಾತನ್ನೂ ಪ್ರಬಂಧದಲ್ಲಿ ಸೇರಿಸಿ. ಹೆಸರು ಹಾಕಲಾ ಬೇಡವಾ ಅಂತ ಒಬ್ಬೊಬ್ಬರನ್ನೂ ಕೇಳಿ. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಇಂಗ್ಲಿಷ್ ಪ್ರಬಂಧ ಯಾರಿಗೆ ಬೇಕಾದರೂ ಸಿಗುತ್ತೆ ನಿಜ, ಊರಲ್ಲಿ ಅದನ್ನು ಓದುವವರು ಎಷ್ಟು ಜನ? ಹತ್ತು ಪುಟದ ಕನ್ನಡ ಸಾರಾಂಶವೂ ಅಂಕಿಗಳ ಪುಸ್ತಕದ ಒಂದು ಪ್ರತಿಯೂ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯದಲ್ಲಿ) ಇರಲಿ.

ನೀರಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ವಾಪಸ್ ತರಬೇಡಿ. ಎರಡು ಜೊತೆ ಬ್ಯಾಟರಿ ಸಮೇತ ಡೈರಿಯಲ್ಲಿ ಬಿಟ್ಟು ಬನ್ನಿ, ಮುಂದಿನ ಬೇಸಿಗೆಯ ಅಂಕಿಯನ್ನು ಅವರೇ ಬರೆದುಕೊಳ್ಳುತ್ತಾರೆ.