ನೂಲು ಹಿಡಿದ ಕೈ: ಹೆಣ್ಣಿನ ಸಾಂಕೇತಿಕ ಚಿತ್ರಕ್ಕೆ ಹಳೇ ಪದ್ಧತಿಯ ತೈಲವರ್ಣ

ಕನ್ನಡಿ, ದಾಳಿಂಬೆ, ಚಂದ್ರ, ಪಂಜರ ಎಲ್ಲವೂ ಒಂದೇ ಕ್ಯಾನ್ವಾಸಿನಲ್ಲಿ ಬಂದು ಕೂತರೆ ಹೆಣ್ಣಿನ ಮುಖ ನೋಡುವವರೇ ಇರುವುದಿಲ್ಲ. ಒಂದು ಸಂಕೇತ ಸಾಕು. ಅದನ್ನು ಆಕೆಯ ಕೈಗೇ ಕೊಡಿ. ಇಟಲಿಯ ಬರಹಗಾರ ಚೆಸಾರೆ ರೀಪಾ 1593ರಲ್ಲಿ ಪ್ರಕಟಿಸಿದ, ಗುಣ, ಕಲೆಗಳಿಗೆ ಮನುಷ್ಯರೂಪ ಕೊಡುವ ಲಾಂಛನಕೋಶದಲ್ಲಿ ‘ಚಿತ್ರಕಲೆ’ ಎಂಬ ಹೆಣ್ಣಿಗೆ ಕೆದರಿದ ಕೂದಲು, ಕೊರಳ ಸರದಲ್ಲಿ ಮುಖವಾಡ, ಬಾಯಿಗೆ ಕಟ್ಟಿದ ಬಟ್ಟೆ ಇವೆ. 1638–39ರ ಸುಮಾರಿಗೆ ಇಟಲಿಯ ಚಿತ್ರಕಲಾವಿದೆ ಆರ್ತೆಮೀಸಿಯಾ ಜೆಂಟಿಲೆಸ್ಕಿ ಆ ರೂಪದಲ್ಲಿ ತನ್ನನ್ನೇ ಬರೆದುಕೊಂಡಾಗ ಕೂದಲು, ಸರ ಉಳಿಸಿಕೊಂಡು ಬಾಯಿಯ ಬಟ್ಟೆಯನ್ನು ಕೈಬಿಟ್ಟಳು.

ಇಲ್ಲಿ ಬೆರಳಿಗೆ ಕೆಂಪು ನೂಲು ಸುತ್ತಿಕೊಂಡ ಹೆಣ್ಣನ್ನು ತೆಗೆದುಕೊಳ್ಳೋಣ. 60×75 ಸೆಂ.ಮೀ. ಕ್ಯಾನ್ವಾಸಿಗೆ ಎರಡು ಕೋಟ್ ಜೆಸ್ಸೋ (ಬಣ್ಣ ಹಿಡಿಯಲು ಹಚ್ಚುವ ಬಿಳಿ ತಳಲೇಪ) ಹಚ್ಚಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ಗಾಜಿನಷ್ಟು ನುಣುಪಾದರೆ ಬಣ್ಣ ಹಿಡಿಯುವುದಿಲ್ಲ. ರಾ ಅಂಬರ್ ಎಂಬ ಕಂದು ಮಣ್ಣುಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಇಡೀ ಮೇಲ್ಮೈಗೆ ಬಳಿದು ಬಟ್ಟೆಯಿಂದ ಒರೆಸಿ. ಎರಡು ದಿನ ಬಿಟ್ಟು ಅದರ ಮೇಲೆ ರೇಖೆ ಎಳೆಯಿರಿ.

ಮುಂದಿನದು ಬೂದು ಅಡಿಚಿತ್ರ. ರಾ ಅಂಬರ್ ಮತ್ತು ಟೈಟಾನಿಯಂ ಬಿಳಿ ಬೆರೆಸಿ ಐದು ಛಾಯೆ ಮಾಡಿಟ್ಟುಕೊಳ್ಳಿ. ಇಲ್ಲಿ ಐವರಿ ಕಪ್ಪು ಬೇಡ, ಅದು ನಿಧಾನವಾಗಿ ಒಣಗುತ್ತದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಸಂಕೇತ ಈ ಹಂತದಲ್ಲೇ ಕೂರಬೇಕು. ಕೊನೆಗೆ ಕೆಂಪು ಗೆರೆ ಎಳೆದರಾಯಿತು ಎಂದುಕೊಂಡರೆ ನೂಲು ಚರ್ಮದ ಮೇಲೆ ತೇಲುತ್ತದೆ. ನಿಮ್ಮ ಬೆರಳಿಗೇ ನೂಲು ಬಿಗಿದು ನೋಡಿ: ಬಿಗಿದ ಜಾಗ ತಗ್ಗಾಗಿ ಬಿಳಿಚುತ್ತದೆ, ಇಬ್ಬದಿಯ ಮಾಂಸ ಉಬ್ಬುತ್ತದೆ, ತುದಿ ಕೆಂಪೇರುತ್ತದೆ. ದುಡಿಮೆಯೋ ಬಂಧನವೋ ಎನ್ನುವ ಪ್ರಶ್ನೆ ಆ ತಗ್ಗಿನಲ್ಲಿದೆ. ಎಲ್ಲ ಛಾಯೆಗಳನ್ನೂ ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿಡಿ, ಮೇಲೆ ಬರುವ ತೆಳು ಪಾರದರ್ಶಕ ಬಣ್ಣದ ಪದರಗಳು, ಅಂದರೆ ಗ್ಲೇಝ್‌ಗಳು ಚಿತ್ರವನ್ನು ಕಪ್ಪಾಗಿಸುತ್ತವೆ. ಒಂದು ವಾರ, ಹತ್ತು ದಿನ ಒಣಗಲಿ. ಉಗುರು ಒತ್ತಿದರೆ ಗುರುತು ಬೀಳಬಾರದು.

ಎಣ್ಣೆಯ ಲೆಕ್ಕ ತಪ್ಪಬೇಡಿ. ಅಡಿಚಿತ್ರಕ್ಕೆ ಟರ್ಪೆಂಟೈನ್ ಮಾತ್ರ, ಮೈಬಣ್ಣಕ್ಕೆ ಒಂದು ಪಾಲು ಅಗಸೆ ಎಣ್ಣೆಗೆ ಎರಡು ಪಾಲು ಟರ್ಪೆಂಟೈನ್, ಗ್ಲೇಝ್‌ಗೆ ಸ್ಟ್ಯಾಂಡ್ ಆಯಿಲ್ (ಕಾಯಿಸಿ ದಪ್ಪವಾಗಿಸಿದ ಅಗಸೆ ಎಣ್ಣೆ) ಮತ್ತು ಟರ್ಪೆಂಟೈನ್ ಸಮಸಮ. ಎಣ್ಣೆ ಹೆಚ್ಚಿರುವ ಪದರ ಕೆಳಗಿದ್ದರೆ, ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗಾಡುತ್ತ ಅದನ್ನು ಬಿರುಕು ಬಿಡಿಸುತ್ತದೆ.

ಮೈಬಣ್ಣಕ್ಕೆ ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಬಿಳಿ. ನೆರಳಿಗೆ ಚೂರು ಅಲ್ಟ್ರಾಮರೀನ್ ನೀಲಿ. ಇದನ್ನು ತೆಳುವಾಗಿ ಉಜ್ಜಿ, ಬೂದು ಅಲ್ಲಲ್ಲಿ ಇಣುಕಲಿ. ಒಣಗಿದ ಮೇಲೆ ಗ್ಲೇಝ್. ನೂಲಿಗೆ ಕ್ವಿನಾಕ್ರಿಡೋನ್ ಕೆಂಪು ಬಳಸಿ. ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ತೆಳು ಪದರದಲ್ಲಿ ಬೆಳಕಿಗೆ ಮಾಸುತ್ತದೆ. ಅದೇ ಕೆಂಪಿನ ಒಂದು ಹನಿ ಬೆರಳ ತುದಿಗೂ ಹೋಗಲಿ. ಹಚ್ಚಿದ ಕೂಡಲೇ ಒಣ ಮೆತ್ತನೆಯ ಕುಂಚದಿಂದ ತಟ್ಟುತ್ತ ಹರಡಿ. ಮೂರು ತೆಳು ಪದರದಿಂದ ಬರುವ ಆಳ ಒಂದು ದಪ್ಪ ಪದರದಿಂದ ಬರುವುದಿಲ್ಲ.

ಗ್ಲೇಝ್ ಹನಿಹನಿಯಾಗಿ ಮುದುಡಿಕೊಂಡರೆ ಕೆಳಪದರ ತೀರಾ ನುಣುಪಾಗಿದೆ ಎಂದರ್ಥ. ಒರೆಸಿ ತೆಗೆದು, ತೀರಾ ತೆಳುವಾಗಿ ಎಣ್ಣೆ ಸವರಿ, ಬಟ್ಟೆಯಿಂದ ಪೂರ್ತಿ ಒರೆಸಿ, ಮತ್ತೆ ಹಚ್ಚಿ. ಕಪ್ಪು ಭಾಗ ಮಂಕಾಗಿ ಕಂಡರೂ ಇದೇ ಉಪಾಯ. ಬಣ್ಣ ಎಣ್ಣೆ ಕಳೆದುಕೊಂಡಿದೆಯಷ್ಟೇ, ಮೇಲೆ ಇನ್ನಷ್ಟು ಕಪ್ಪು ಬಳಿಯಬೇಡಿ.

ಒಣಗಲು ಬೆಳಕಿರುವ ಕೋಣೆಯಲ್ಲಿಡಿ. ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಗಟ್ಟುತ್ತದೆ. ಸಾಂಪ್ರದಾಯಿಕ ವಾರ್ನಿಶ್‌ಗೆ ಆರರಿಂದ ಹನ್ನೆರಡು ತಿಂಗಳು ಕಾಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ.