'ಡಿಯರ್ ಸರ್' ಬರೆಯೋ ಮುನ್ನ

ನನ್ನ ಟೇಬಲ್ಲಿಗೆ ಬರುವ ಹತ್ತು ಇಂಗ್ಲಿಷ್ ಪತ್ರಗಳಲ್ಲಿ ಎಂಟು 'ಡಿಯರ್ ಸರ್' ಅಂತಲೇ ಶುರು. ಬಾಗಿಲ ಮೇಲೆ ಹೆಸರಿದೆ, ಸೀರೆ ಉಟ್ಟು ಕೂತಿದ್ದೇನೆ, ಆದರೂ ಸರ್! ಹಾಗಾಗಿ ಹೊಸದಾಗಿ ಸೇರಿದವರಿಗೆ ಮೊದಲು ಹೇಳಿಕೊಡುವುದು ಇದನ್ನೇ: ಹೆಸರು ಗೊತ್ತಿದ್ದರೆ ಹೆಸರು, ಇಲ್ಲವೇ ಹುದ್ದೆ. 'ಡಿಯರ್ ಮ್ಯಾನೇಜರ್' ಸಾಕು.

ಗಂಡಸರನ್ನಷ್ಟೇ ಸೂಚಿಸುವ ಬೇರೆ ಪದಗಳನ್ನೂ ಬದಲಿಸಿ: ಚೇರ್‌ಮನ್ ಬದಲು ಚೇರ್‌ಪರ್ಸನ್, ಮ್ಯಾನ್‌ಪವರ್ ಬದಲು ಸ್ಟಾಫ್. ಇವು ಸುಲಭ. ಕ್ರಿಕೆಟ್ಟಿನವರೇ ಬದಲಾದರಲ್ಲ, ನಿಯಮ ರೂಪಿಸುವ ಎಂಸಿಸಿ 2021ರಲ್ಲಿ 'ಬ್ಯಾಟ್ಸ್‌ಮನ್' ತೆಗೆದು 'ಬ್ಯಾಟರ್' ಮಾಡಿತು.

ತೊಡಕಿರುವುದು 'ಹಿ', 'ಹಿಸ್'ಗಳಲ್ಲಿ. 'ಎವ್ರಿ ಎಂಪ್ಲಾಯಿ ಮಸ್ಟ್ ಬ್ರಿಂಗ್ ಹಿಸ್ ಐಡಿ' ಅಂತ ಸುತ್ತೋಲೆ ಹೊರಡಿಸಿದರೆ ಹೆಂಗಸರು ಕಾರ್ಡ್ ತರುವುದು ಬೇಡವೇ? 'ಹಿಸ್ ಆರ್ ಹರ್' ಅಂತ ಸಾಲುಸಾಲಿಗೂ ಬರೆದರೆ ಓದಲು ಕಿರಿಕಿರಿ. ಬಹುವಚನ ಮಾಡಿಬಿಡಿ: 'ಆಲ್ ಎಂಪ್ಲಾಯೀಸ್ ಮಸ್ಟ್ ಬ್ರಿಂಗ್ ದೇರ್ ಐಡಿ ಕಾರ್ಡ್ಸ್'. ಒಬ್ಬರಿಗೇ ಆದರೂ 'ದೇ' ನಡೆಯುತ್ತದೆ. ವ್ಯಾಕರಣ ಕೆಟ್ಟಿತು ಅಂತ ಮೂಗು ಮುರಿಯುವವರಿಗೆ ನಮ್ಮ 'ಅವರು' ನೆನಪಿಸಿ. ಒಬ್ಬರಿಗೂ ಅದೇ, ಹತ್ತು ಜನಕ್ಕೂ ಅದೇ.

ಅನುಮಾನ ಬಂದರೆ ಅದಲುಬದಲು ಮಾಡಿ ನೋಡಿ. 'ಲೇಡಿ ಡಾಕ್ಟರ್' ಬರೆದಿರಾ? 'ಜೆಂಟ್ಸ್ ಡಾಕ್ಟರ್' ಅಂತ ಬರೆಯುತ್ತಿದ್ದಿರಾ? ನಗು ಬಂದರೆ 'ಲೇಡಿ' ಹೊಡೆದುಹಾಕಿ. ತಪಾಸಣೆಗೆ ಹೊರಟ ನಮ್ಮ ಅತ್ತಿಗೆ 'ಲೇಡಿ ಡಾಕ್ಟರೇ ಬೇಕು' ಅಂತ ಕೇಳಿದಾಗ ಮಾತ್ರ ಆ ಪದ ಬೇಕಾಗುತ್ತೆ, ಅದು ಬೇರೆ ವಿಷಯ.