ಉದಯಪುರದಲ್ಲಿ ಮದುವೆ ವಾರ್ಷಿಕೋತ್ಸವದ ರಾತ್ರಿಯೂಟ: ಹೋಟೆಲಿಗಿಂತ ಮೊದಲು ಟೇಬಲ್ ಆರಿಸಿ

ಪಿಚೋಲಾ ಸರೋವರದ ದಡದಲ್ಲಿ ಒಂದೇ ಹೋಟೆಲಿನ ಎರಡು ಟೇಬಲ್‌ಗಳಿಗೆ ಇರುವ ಅಂತರ, ಅಕ್ಕಪಕ್ಕದ ಎರಡು ಹೋಟೆಲುಗಳಿಗೆ ಇರುವ ಅಂತರಕ್ಕಿಂತ ದೊಡ್ಡದು. ನೀರಿನ ಅಂಚಿನ ಮೊದಲ ಸಾಲಿನಲ್ಲಿ ಕೂತವರಿಗೆ ಸಿಟಿ ಪ್ಯಾಲೇಸ್ ಅರಮನೆ, ಅದರ ದೀಪಗಳು, ನೀರಲ್ಲಿ ಅಲುಗುವ ಅದರ ಬಿಂಬ ಎಲ್ಲವೂ ಸಿಗುತ್ತವೆ. ಮೂರನೇ ಸಾಲಿನವರಿಗೆ ಕಾಣುವುದು ಮೊದಲ ಸಾಲಿನವರ ಬೆನ್ನು. ಬಿಲ್ ಮಾತ್ರ ಇಬ್ಬರಿಗೂ ಒಂದೇ. ಆದ್ದರಿಂದ ‘ಉದಯಪುರದಲ್ಲಿ ಯಾವ ಹೋಟೆಲ್ ಚೆನ್ನಾಗಿದೆ’ ಎಂದು ಹುಡುಕುವ ಮೊದಲು ಯಾವ ದಡ, ಎಷ್ಟು ಗಂಟೆ, ಯಾವ ಟೇಬಲ್ ಎಂಬ ಮೂರನ್ನು ತೀರ್ಮಾನ ಮಾಡಿಕೊಳ್ಳಿ. ಹೆಸರು ಆಮೇಲೆ ತಾನಾಗಿ ಸಿಗುತ್ತದೆ.

ಅದಕ್ಕೂ ಮುಂಚೆ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ವಾರ್ಷಿಕೋತ್ಸವದ ದಿನ ಏಕಾದಶಿ ಅಥವಾ ಸಂಕಷ್ಟಿ ಬಿದ್ದಿದೆಯೇ? ಇಬ್ಬರಲ್ಲಿ ಒಬ್ಬರು ಉಪವಾಸವಿದ್ದು ಇನ್ನೊಬ್ಬರು ಒಂಟಿಯಾಗಿ ಬಟರ್ ನಾನ್ ಮುರಿಯುವುದು ಯಾರಿಗೂ ಬೇಡ. ಸಂಕಷ್ಟಿಯಾದರೆ ಚಂದ್ರೋದಯದ ನಂತರವೇ ಊಟ, ಅಂದರೆ ಸೂರ್ಯಾಸ್ತದ ಟೇಬಲ್‌ನಿಂದ ಪ್ರಯೋಜನವಿಲ್ಲ. ಬೆಂಗಳೂರಿಗೆಂದು ಅಚ್ಚಾದ ಚಂದ್ರೋದಯದ ಸಮಯ ಉದಯಪುರಕ್ಕೆ ಹೊಂದುವುದಿಲ್ಲ, ಅಲ್ಲಿನದನ್ನೇ ಬೇರೆಯಾಗಿ ನೋಡಿಕೊಳ್ಳಿ. ಇನ್ನೊಂದು ಮಾತು: ಊರು ತಲುಪಿದ ದಿನವೇ ಈ ಊಟ ಇಟ್ಟುಕೊಳ್ಳಬೇಡಿ. ವಿಮಾನ ನಿಲ್ದಾಣವಿರುವ ಡಬೋಕ್, ಉದಯಪುರದಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ವಿಮಾನ ಎರಡು ಗಂಟೆ ತಡವಾದರೆ ಟೇಬಲ್ ಬೇರೆಯವರ ಪಾಲು. ಎರಡನೇ ರಾತ್ರಿ ಇಟ್ಟುಕೊಂಡರೆ ಮೊದಲ ಸಂಜೆ ಹೋಗಿ ಟೇಬಲ್ಲನ್ನು ಕಣ್ಣಾರೆ ನೋಡಿಬರಲೂ ಆಗುತ್ತದೆ.

ಯಾವ ದಡ?

ಸಿಟಿ ಪ್ಯಾಲೇಸ್, ಲಾಲ್ ಘಾಟ್, ಗಣಗೌರ್ ಘಾಟ್ ಇರುವುದು ಸರೋವರದ ಪೂರ್ವ ದಡದಲ್ಲಿ. ಅಲ್ಲಿನ ಮಹಡಿ ಮೇಲಿನ ಹೋಟೆಲುಗಳಲ್ಲಿ ಕೂತರೆ ಮುಖ ಪಶ್ಚಿಮಕ್ಕೆ. ನೀರಿನಾಚೆ ಅರಾವಳಿ ಬೆಟ್ಟಗಳ ಹಿಂದೆ ಸೂರ್ಯ ಇಳಿಯುವುದು ಕಾಣುತ್ತದೆ. ಆದರೆ ಕತ್ತಲಾದ ಮೇಲೆ ಎದುರಿಗೆ ನೋಡಲು ಉಳಿಯುವುದು ಕಡಿಮೆ, ದೀಪ ಹಚ್ಚಿದ ಸಿಟಿ ಪ್ಯಾಲೇಸ್ ನಿಮ್ಮ ದಡದಲ್ಲೇ, ನಿಮ್ಮ ಪಕ್ಕಕ್ಕೋ ಬೆನ್ನಿಗೋ ಇರುತ್ತದೆ.

ಹನುಮಾನ್ ಘಾಟ್ ಮತ್ತು ಅಂಬ್ರಾಯಿ ಘಾಟ್ ಪಶ್ಚಿಮ ದಡದವು. ಅಲ್ಲಿಂದ ಸೂರ್ಯ ಮುಳುಗುವುದು ಬೆನ್ನ ಹಿಂದೆ. ಆದರೆ ಆ ಹೊಂಬಿಸಿಲು ನೇರವಾಗಿ ಸಿಟಿ ಪ್ಯಾಲೇಸಿನ ಗೋಡೆಯ ಮೇಲೆ ಬೀಳುತ್ತದೆ, ಆಮೇಲೆ ಅದೇ ಗೋಡೆಗೆ ದೀಪ ಹತ್ತುತ್ತದೆ. ಎರಡೂ ಎದುರಿಗೇ. ಫೋಟೊಗೂ ಈ ದಡವೇ ಸುಲಭ: ಅರಮನೆಗೆ ಬೆನ್ನು ಮಾಡಿ ನಿಂತರೆ ಬೆಳಕು ಮುಖದ ಮೇಲೆ. ಪೂರ್ವ ದಡದಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಂತವರ ಮುಖ ಫೋಟೊದಲ್ಲಿ ಕಪ್ಪಾಗಿ ಬರುತ್ತದೆ. ರಾತ್ರಿಯೂಟಕ್ಕೆ ನಮ್ಮ ಓಟು ಪಶ್ಚಿಮ ದಡಕ್ಕೆ, ಸಂಜೆಯ ಚಹಾಕ್ಕೆ ಪೂರ್ವ ದಡಕ್ಕೆ. ಬಜೆಟ್ ಇದ್ದರೆ ಎರಡನ್ನೂ ಬೇರೆ ಬೇರೆ ದಿನ ಮಾಡಬಹುದು.

ಸರೋವರದ ನಡುವೆ ಬಿಳಿಯಾಗಿ ತೇಲುವಂತೆ ಕಾಣುವುದು ಜಗ್ ನಿವಾಸ್, ಈಗಿನ ಲೇಕ್ ಪ್ಯಾಲೇಸ್ ಹೋಟೆಲ್. ಅಲ್ಲಿ ಕೊಠಡಿ ಹಿಡಿಯದವರಿಗೆ ಊಟಕ್ಕೆ ಪ್ರವೇಶ ಸಿಗುವುದು ಕಷ್ಟ. ಬೇಸರಪಡಬೇಕಿಲ್ಲ. ಆ ಕಟ್ಟಡದ ಚಂದ ಇರುವುದು ದಡದಿಂದ ನೋಡುವುದರಲ್ಲಿ, ಒಳಗೆ ಕೂತವರಿಗೆ ಅದೊಂದೇ ಕಾಣುವುದಿಲ್ಲ. ಇನ್ನೊಂದು ದ್ವೀಪ ಜಗ್ ಮಂದಿರ್‌ಗೆ ದೋಣಿಯಲ್ಲಿ ಹೋಗಿ ಊಟ ಮಾಡಬಹುದು, ಆದರೆ ಮದುವೆಗಳ ಕಾಲದಲ್ಲಿ ಇಡೀ ದ್ವೀಪವನ್ನೇ ಯಾರಾದರೂ ಬುಕ್ ಮಾಡಿರುವ ಸಾಧ್ಯತೆ ಹೆಚ್ಚು. ಹೋಗುವುದಾದರೆ ದೋಣಿಯ ಶುಲ್ಕ ಊಟದ ಬಿಲ್ಲಿನಲ್ಲಿ ಸೇರಿದೆಯೇ, ವಾಪಸ್ ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಮೊದಲೇ ಕೇಳಿ.

ಎಷ್ಟು ಗಂಟೆಗೆ?

‘ಎಂಟು ಗಂಟೆಗೆ ಟೇಬಲ್ ಕೊಡಿ’ ಎಂದು ಅಭ್ಯಾಸಬಲದಿಂದ ಹೇಳಿಬಿಡುವುದೇ ಹೆಚ್ಚು. ನವೆಂಬರ್ ಕೊನೆಯಲ್ಲಿ ಉದಯಪುರದಲ್ಲಿ ಸೂರ್ಯ ಮುಳುಗುವುದು 5.45ರ ಹೊತ್ತಿಗೆ. ಡಿಸೆಂಬರ್ ಕೊನೆಗೆ 5.55, ಜನವರಿ ಕೊನೆಗೆ 6.20, ಮಾರ್ಚ್ ಮಧ್ಯಕ್ಕೆ 6.45, ಜೂನ್ ಕೊನೆಯಲ್ಲಿ 7.25 ದಾಟುತ್ತದೆ. ಚಳಿಗಾಲಕ್ಕೂ ಬೇಸಿಗೆಗೂ ಒಂದೂವರೆ ಗಂಟೆಗೂ ಮೀರಿದ ವ್ಯತ್ಯಾಸ. ನಿಮ್ಮ ತಾರೀಖಿನ ಸೂರ್ಯಾಸ್ತ ನೋಡಿ, ಅದಕ್ಕಿಂತ ಅರ್ಧ ಗಂಟೆ ಮೊದಲು ಟೇಬಲ್ ಹಿಡಿಯಿರಿ. ಮೊದಲ ಅರ್ಧ ಗಂಟೆ ಕುಡಿಯಲು ಏನಾದರೂ, ಜೊತೆಗೆ ಒಂದು ತಿಂಡಿ. ಸೂರ್ಯ ಮುಳುಗಿ ಹದಿನೈದು ನಿಮಿಷದಿಂದ ಅರ್ಧ ಗಂಟೆಯವರೆಗೆ ಆಕಾಶ ಕಡುನೀಲಿಯಾಗಿರುತ್ತದೆ. ದೀಪ ಹತ್ತಿದ ಅರಮನೆ ಫೋಟೊದಲ್ಲಿ ಚೆನ್ನಾಗಿ ಬರುವುದು ಆಗಲೇ, ಪೂರ್ತಿ ಕತ್ತಲಾದ ಮೇಲಲ್ಲ. ಊಟಕ್ಕೆ ಆರ್ಡರ್ ಕೊಡುವುದು ಅದಾದ ಮೇಲೆ.

ಇಲ್ಲೊಂದು ತೊಡಕಿದೆ. ಚಳಿಗಾಲದಲ್ಲಿ ಐದೂಕಾಲಿಗೆ ಹೋಗಿ ಕೂತರೆ ಕೆಲವು ಕಡೆ ಏಳು ಗಂಟೆಗೆ ‘ಮುಂದಿನ ಬುಕಿಂಗ್ ಇದೆ ಸರ್’ ಎಂದು ಎಬ್ಬಿಸುತ್ತಾರೆ. ಟೇಬಲ್ ಎಷ್ಟು ಹೊತ್ತು ನಮ್ಮದು ಎಂದು ಬುಕಿಂಗ್ ವೇಳೆಯೇ ಕೇಳಿ. ಎರಡೂವರೆ ಗಂಟೆ ಕೊಡದಿದ್ದರೆ ಬೇರೆ ಕಡೆ ನೋಡಿ. ಅಥವಾ ಸೂರ್ಯಾಸ್ತವನ್ನು ಗಣಗೌರ್ ಘಾಟ್‌ನ ಮೆಟ್ಟಿಲ ಮೇಲೆ ಪುಕ್ಕಟೆಯಾಗಿ ನೋಡಿ, ಪಕ್ಕದ ಬಾಗೋರ್ ಕೀ ಹವೇಲಿಯಲ್ಲಿ ಸಂಜೆ 7ರಿಂದ 8ರವರೆಗೆ ನಡೆಯುವ ರಾಜಸ್ಥಾನಿ ನೃತ್ಯ ಮುಗಿಸಿ, 8.30ಕ್ಕೆ ಟೇಬಲ್‌ಗೆ ಬನ್ನಿ. ಗಣಗೌರ್ ಘಾಟ್‌ನಿಂದ ದಾಯಿಜಿ ಸೇತುವೆ ದಾಟಿದರೆ ಪಶ್ಚಿಮ ದಡ, ನಡೆದೇ ಹೋಗಬಹುದು.

ಕಾಲ ಯಾವುದು ಎಂಬುದೂ ಟೇಬಲ್ಲಿನ ಸ್ಥಾನವನ್ನು ನಿರ್ಧರಿಸುತ್ತದೆ. ಜನವರಿ ರಾತ್ರಿಗಳಲ್ಲಿ ತಾಪಮಾನ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ, ನೀರಿನ ಮೇಲಿಂದ ಬೀಸುವ ಗಾಳಿಗೆ ರೇಷ್ಮೆ ಸೀರೆ ಸಾಲದು. ಶಾಲು ಒಯ್ಯಿರಿ, ಟೇಬಲ್ ಪಕ್ಕ ಕೆಂಡದ ಅಗ್ಗಿಷ್ಟಿಕೆ ಅಥವಾ ಹೀಟರ್ ಇಡುತ್ತಾರೆಯೇ ಕೇಳಿ. ಮೇ ತಿಂಗಳಲ್ಲಿ ಹಗಲೆಲ್ಲ ಕಾದ ತಾರಸಿ ಎಂಟು ಗಂಟೆಯಾದರೂ ಬಿಸಿ ಬಿಡುವುದಿಲ್ಲ, ಆಗ ಮಹಡಿಗಿಂತ ನೀರಿನ ಮಟ್ಟದ ಅಂಗಳ ವಾಸಿ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರೆ ಬೇಸಿಗೆಯಲ್ಲಿ ನೀರು ದಡದಿಂದ ಹಿಂದೆ ಸರಿದಿರುತ್ತದೆ, ಇತ್ತೀಚಿನ ಫೋಟೊ ತರಿಸಿಕೊಳ್ಳದೆ ಮುಂಗಡ ಕಳಿಸಬೇಡಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸರೋವರ ತುಂಬಿ ಬೆಟ್ಟ ಹಸಿರಾಗಿ ಊರು ಅತ್ಯಂತ ಚೆಲುವಾಗಿರುತ್ತದೆ. ಮಳೆ ಬಂದರೆ ಒಳಗೆ ಕಿಟಕಿ ಪಕ್ಕದ ಟೇಬಲ್ ಕೊಡುತ್ತೇವೆ ಎಂಬ ಮಾತು ಪಡೆದಿದ್ದರೆ ಆಯಿತು.

ಫೋನಿನಲ್ಲಿ ಏನು ಕೇಳಬೇಕು

ಆ್ಯಪ್‌ನಲ್ಲಿ ಬುಕ್ ಮಾಡಿದರೆ ಸಿಗುವುದು ಇಬ್ಬರಿಗೆ ಜಾಗ, ಇಂಥದ್ದೇ ಟೇಬಲ್ ಅಲ್ಲ. ಫೋನ್ ಮಾಡಿ. ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಅಡುಗೆಮನೆ ಬಿಡುವಾಗಿರುತ್ತದೆ, ಮ್ಯಾನೇಜರ್ ಸಿಗುತ್ತಾರೆ, ನಿಂತು ಮಾತಾಡುತ್ತಾರೆ. ರಾತ್ರಿ ಎಂಟಕ್ಕೆ ಮಾಡಿದರೆ ಎಲ್ಲದಕ್ಕೂ ‘ಹೋ ಜಾಯೇಗಾ’ (ಆಗುತ್ತೆ ಬಿಡಿ) ಎಂಬ ಉತ್ತರ ಬರುತ್ತದೆ, ಯಾರೂ ಬರೆದುಕೊಂಡಿರುವುದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎರಡು ಮೂರು ವಾರ ಮೊದಲು, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರಕ್ಕಾದರೆ ಒಂದೂವರೆ ತಿಂಗಳು ಮೊದಲೇ ಮಾತಾಡಿ.

ಹಿಂದಿಯಲ್ಲಿ ಇಷ್ಟು ಸಾಕು: ‘ಪಾನೀ ಕೇ ಕಿನಾರೇ ವಾಲಿ, ಪೆಹಲಿ ಲೈನ್ ಕೀ ಟೇಬಲ್ ಚಾಹಿಯೇ’ (ನೀರಿನ ಅಂಚಿನ, ಮೊದಲ ಸಾಲಿನ ಟೇಬಲ್ ಬೇಕು). ಟೇಬಲ್ ನಂಬರ್ ಕೇಳಿ, ಆ ಟೇಬಲ್ಲಿನಿಂದ ಸಂಜೆ ತೆಗೆದ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಹೇಳಿ. ಕಳಿಸಲು ಹಿಂದೇಟು ಹಾಕಿದರೆ ಕಾರಣ ಊಹಿಸಿಕೊಳ್ಳಿ. ಅದೇ ಚಾಟ್‌ನಲ್ಲಿ ತಾರೀಖು, ಸಮಯ, ಟೇಬಲ್ ನಂಬರ್, ಕನಿಷ್ಠ ಬಿಲ್ ಇದೆಯೇ, ಕೊಟ್ಟ ಮುಂಗಡ ಎಷ್ಟು, ರದ್ದಾದರೆ ಎಷ್ಟು ವಾಪಸ್ ಎಂಬುದನ್ನೆಲ್ಲ ಬರೆದು ‘ಓಕೆ’ ಪಡೆಯಿರಿ.

ಒಂದು ಪ್ರಶ್ನೆಯನ್ನು ಮಾತ್ರ ಮರೆಯಲೇಬೇಡಿ: ಆ ರಾತ್ರಿ ನಿಮ್ಮಲ್ಲಿ ಅಥವಾ ಪಕ್ಕದ ಹೋಟೆಲಿನಲ್ಲಿ ಮದುವೆ ಇದೆಯೇ? ಉದಯಪುರ ಹೊರಗಿನವರು ಬಂದು ಮದುವೆಯಾಗುವ ಊರು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಮುಹೂರ್ತದ ದಿನಗಳಲ್ಲಿ ಆಚೆ ದಡದ ಸಂಗೀತ್ ಕಾರ್ಯಕ್ರಮದ ಡಿಜೆ ನೀರಿನ ಮೇಲೆ ಹಾದು ನಿಮ್ಮ ತಟ್ಟೆಯವರೆಗೂ ಬರುತ್ತದೆ. ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕೆಂಬ ನಿಯಮವಿದೆ, ಆದರೆ ಅಷ್ಟರಲ್ಲಿ ನಿಮ್ಮ ಊಟವೂ ಮುಗಿದಿರುತ್ತದೆ.

ಕ್ಯಾಂಡಲ್‌ಲೈಟ್ ಪ್ಯಾಕೇಜ್ ಎಂದು ಮಾರುವುದನ್ನು ಬಿಡಿಸಿ ನೋಡಿ. ಸಾಮಾನ್ಯವಾಗಿ ಪರದೆ ಕಟ್ಟಿದ ಮಂಟಪ, ಗುಲಾಬಿ ಪಕಳೆ, ನಿಗದಿಯಾದ ಮೆನು, ಕೇಕ್. ಮಂಟಪ ಸರೋವರದ ಕಡೆಗಿದೆಯೋ ಈಜುಕೊಳದ ಕಡೆಗೋ ಎಂಬುದರ ಮೇಲೆ ಇಡೀ ಹಣದ ಬೆಲೆ ನಿಂತಿದೆ. ಮೆನು ಬದಲಿಸಲು ಬಿಡದಿದ್ದರೆ ಒಂದು ಒಳ್ಳೆಯ ಟೇಬಲ್, ಮನಸ್ಸಿಗೆ ಬೇಕಾದ ಆರ್ಡರ್, ಹೊರಗಿಂದ ತಂದ ಎರಡು ಮೊಳ ಮಲ್ಲಿಗೆ ಇಷ್ಟೇ ಸಾಕು. ಕೇಕ್ ಅರ್ಧ ಕೆ.ಜಿ. ದಾಟಬಾರದು, ಇಬ್ಬರಿಗೆ ಅದೂ ಹೆಚ್ಚೇ. ಮೊಟ್ಟೆ ತಿನ್ನದವರು ಎಗ್‌ಲೆಸ್ ಎಂದು ಬರೆಸಿ. ಮೇಣದಬತ್ತಿಗೆ ಗಾಜಿನ ಚಿಮಣಿ ಇಡಲು ಹೇಳಿ, ಇಲ್ಲವಾದರೆ ಸರೋವರದ ಗಾಳಿಗೆ ಐದು ನಿಮಿಷಕ್ಕೊಮ್ಮೆ ಮಾಣಿ ಬಂದು ಬೆಂಕಿಕಡ್ಡಿ ಗೀರುತ್ತಾನೆ. ಸಿಬ್ಬಂದಿಯೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುವುದು ನಿಮಗೆ ಮುಜುಗರವೆನಿಸಿದರೆ ಅದನ್ನೂ ಮೊದಲೇ ಬೇಡವೆನ್ನಿ.

ತಟ್ಟೆಗೆ ಏನು ಬರಬೇಕು

ದಾಲ್-ಬಾಟಿ-ಚೂರ್ಮಾವನ್ನು ಈ ರಾತ್ರಿಗೆ ಇಟ್ಟುಕೊಳ್ಳಬೇಡಿ. ತುಪ್ಪದಲ್ಲಿ ಅದ್ದಿದ ಎರಡು ಬಾಟಿ (ಗೋಧಿಹಿಟ್ಟಿನ ಗಟ್ಟಿ ಉಂಡೆ) ತಿಂದರೆ ಕಣ್ಣು ಎಳೆಯುತ್ತದೆ, ಮಾತು ನಿಲ್ಲುತ್ತದೆ. ಅದು ಹಿಂದಿನ ದಿನದ ಮಧ್ಯಾಹ್ನದ ಊಟ. ರಾತ್ರಿಗೆ ಕೇರ್-ಸಾಂಗ್ರಿ (ಮರುಭೂಮಿಯ ಕಾಯಿಗಳ ಪಲ್ಯ), ಕಡಲೆಹಿಟ್ಟಿನ ಗಟ್ಟೆ ಪಲ್ಯ, ಒಂದು ದಾಲ್, ನಾಲ್ಕು ಫುಲ್ಕಾ, ಒಂದು ಪ್ಲೇಟ್ ಜೀರಿಗೆ ಅನ್ನ ಇಬ್ಬರಿಗೆ ಧಾರಾಳ. ಗಟ್ಟೆಯ ರಸಕ್ಕೆ ಮೊಸರು ಹಾಕಿರುತ್ತಾರೆ, ನಮ್ಮ ಮಜ್ಜಿಗೆಹುಳಿ ಬಲ್ಲ ನಾಲಿಗೆಗೆ ಅದು ಬೇಗ ಒಗ್ಗುತ್ತದೆ. ಮಾಂಸ ತಿನ್ನುವವರಿಗೆ ಕೆಂಪು ಮೆಣಸಿನಕಾಯಿ ಹಾಕಿದ ಮಾಂಸದ ಸಾರು ಲಾಲ್ ಮಾಸ್ ಇದೆ, ಬಣ್ಣ ನೋಡಿ ಹೆದರಬೇಡಿ, ಆದರೆ ಖಾರ ಕಡಿಮೆ ಇರಲಿ ಎಂದು ಆರ್ಡರ್ ಕೊಡುವಾಗಲೇ ಹೇಳಿ. ಬೆಂದ ಮೇಲೆ ಖಾರ ಇಳಿಸಲು ಬರುವುದಿಲ್ಲ.

ಸರೋವರದ ದಡದ ದೊಡ್ಡ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಸಸ್ಯಾಹಾರ, ಮಾಂಸಾಹಾರ ಎರಡೂ ಇರುತ್ತವೆ. ನಿಮಗದು ಮುಖ್ಯವಾದರೆ ‘ವೆಜ್ ಹೈ ಕ್ಯಾ’ ಎಂದಲ್ಲ, ‘ವೆಜ್ ಕಾ ಕಿಚನ್ ಅಲಗ್ ಹೈ ಕ್ಯಾ’ (ಸಸ್ಯಾಹಾರದ ಅಡುಗೆಮನೆ ಬೇರೆಯೇ?) ಎಂದು ಕೇಳಿ. ಊರಿನಲ್ಲಿ ಜೈನರು ಬಹಳ ಇರುವುದರಿಂದ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ ‘ಜೈನ್’ ಎಂಬ ಒಂದೇ ಮಾತಿಗೆ ಸಿಗುತ್ತದೆ. ಮಡಿ-ಮೈಲಿಗೆಯ ವಿವರಣೆ ಬೇಕಾಗಿಲ್ಲ. ವೈನ್ ಬೇಕೆನ್ನುವವರು ಪರವಾನಗಿ ಇದೆಯೇ ಕೇಳಿಕೊಳ್ಳಿ, ಎಲ್ಲ ಮಹಡಿ ಹೋಟೆಲುಗಳಿಗೂ ಅದು ಇಲ್ಲ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಮದ್ಯ ಸಿಗದ ದಿನಗಳು.

ಬಿಲ್

ಸಾಮಾನ್ಯ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ ಶೇ 5. ದಿನದ ಕೊಠಡಿ ಬಾಡಿಗೆ 7,500 ರೂಪಾಯಿ ಮೀರುವ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಶೇ 18. ಆರು ಸಾವಿರದ ಊಟಕ್ಕೆ ಒಂದು ಕಡೆ ತೆರಿಗೆ 300 ರೂಪಾಯಿ, ಇನ್ನೊಂದು ಕಡೆ 1,080. ಮೆನುವಿನಲ್ಲಿ ಇರುವುದು ತೆರಿಗೆಗೆ ಮುಂಚಿನ ಬೆಲೆ ಎಂದೇ ಲೆಕ್ಕ ಹಾಕಿ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಈ ಬಗ್ಗೆ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆಯಿರಿ ಎಂದು ಮೆಲ್ಲಗೆ ಹೇಳಿದರೆ ಸಾಕು, ಜಗಳ ಬೇಡ. ಅದರ ಬದಲು ಬಡಿಸಿದವರ ಕೈಗೇ ನೇರವಾಗಿ ಟಿಪ್ಸ್ ಕೊಡಿ.

ಹೋಗುವುದು, ಬರುವುದು

ಹಳೆ ಊರಿನ ಓಣಿಗಳಲ್ಲಿ ಕಾರು ಹೋಟೆಲ್ ಬಾಗಿಲವರೆಗೂ ಬರುವುದಿಲ್ಲ. ಆಟೊ ಹಿಡಿಯಿರಿ, ಕೊನೆಯ ಒಂದಿಷ್ಟು ದೂರ ಕಲ್ಲುಹಾಸಿನ ಮೇಲೆ ನಡೆಯಬೇಕಾಗಬಹುದು. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ಹಳೆಯ ಹವೇಲಿಗಳ ಮಹಡಿಗೆ ಲಿಫ್ಟ್ ಇರುವುದು ಅಪರೂಪ. ಮೂರು ನಾಲ್ಕು ಅಂತಸ್ತಿನ ಕಡಿದಾದ ಮೆಟ್ಟಿಲು, ಕೆಲವೆಡೆ ತಲೆ ತಗ್ಗಿಸಿ ಹತ್ತಬೇಕು. ಇಪ್ಪತ್ತೈದನೆಯ ಅಥವಾ ಐವತ್ತನೆಯ ವಾರ್ಷಿಕೋತ್ಸವಕ್ಕೆಂದು ಅಪ್ಪ-ಅಮ್ಮನನ್ನು ಕರೆದೊಯ್ಯುವ ಮಕ್ಕಳು ಮೊದಲು ಕೇಳಬೇಕಾದದ್ದು ಮೆನುವಲ್ಲ, ಮೆಟ್ಟಿಲ ಲೆಕ್ಕ.

ದಾರಿಯಲ್ಲಿ ಆಟೊದವರು ‘ಆ ಹೋಟೆಲ್ ಮುಚ್ಚಿದೆ, ಇನ್ನೂ ಚೆನ್ನಾಗಿರುವುದು ತೋರಿಸುತ್ತೇನೆ’ ಎಂದರೆ ಅದು ಕಮಿಷನ್ನಿನ ಮಾತು. ಅಂದು ಬೆಳಿಗ್ಗೆಯೇ ಹೋಟೆಲಿಗೆ ಫೋನ್ ಮಾಡಿ ಟೇಬಲ್ ನಂಬರನ್ನು ಮತ್ತೊಮ್ಮೆ ಖಚಿತ ಮಾಡಿಕೊಂಡಿದ್ದರೆ ನಗುತ್ತಾ ‘ಸೀಧಾ ಚಲಿಯೇ ಭಯ್ಯಾ’ (ನೇರ ನಡೆಯಿರಿ ಅಣ್ಣ) ಎನ್ನಬಹುದು. ರಾತ್ರಿ ಹತ್ತೂವರೆಯ ನಂತರ ಹನುಮಾನ್ ಘಾಟ್ ಕಡೆ ಆಟೊ ಸಿಗುವುದು ಕಡಿಮೆ. ಬಿಟ್ಟುಹೋದ ಆಟೊದವರ ನಂಬರ್ ತೆಗೆದುಕೊಂಡು ವಾಪಸಿಗೂ ಅವರನ್ನೇ ಗೊತ್ತುಮಾಡಿ, ಹಣ ಮಾತ್ರ ಕೊಠಡಿಗೆ ತಲುಪಿದ ಮೇಲೆ ಕೊಡಿ.